ನಮ್ಮ ಬಾಗಿಲಿನ ಬೇವು

ನಮ್ಮ ಗಲ್ಲಿಯಲ್ಲಿ ಯಾರ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರೂ ಮೊದಲು ಒಳಗೆ ನುಗ್ಗುವವಳು ನಾನು. ಅಮ್ಮ ಬಂದಿರುವ ಮನೆಗೆ ಹೊರಗಿನವರು ಕಾಲಿಡಬಾರದು, ಒಗ್ಗರಣೆ ಹಾಕಬಾರದು, ಡಾಕ್ಟರ ಹೆಸರೆತ್ತಬಾರದು ಅನ್ನುವುದೆಲ್ಲ ಬೇರೆಯವರಿಗೆ, ನನಗಲ್ಲ. ನಾನು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ನಾಲ್ಕು ಗಲ್ಲಿಗಳನ್ನು ಎಂಟು ವರ್ಷದಿಂದ ಸುತ್ತುತ್ತಿದ್ದೇನೆ. ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದಿದೆ ಎಂದು ಗೊತ್ತಾದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅದು ನನ್ನ ಕೆಲಸ. ಮೂರನೇ ಗಲ್ಲಿಯ ಪಾಪಮ್ಮನ ಮೊಮ್ಮಗಳಿಗೆ ದಡಾರ ಆದಾಗ ಅವಳ ಬಾಗಿಲಿನ ಬೇವನ್ನು ನಾನೇ ಕಿತ್ತು ಮೋರಿಗೆ ಎಸೆದಿದ್ದೆ. "ಇದು ಅಮ್ಮ ಅಲ್ಲ ಕಣವ್ವ, ರೋಗ! ಇಂಜೆಕ್ಷನ್ ಹಾಕಿಸಿದ್ರೆ ಬರ್ತಾನೇ ಇರ್ಲಿಲ್ಲ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದೆ. ಆಗ ನನಗೆ ಎಷ್ಟು ಜಂಬ ಇತ್ತೆಂದರೆ, ಆ ಮುದುಕಿ ಕಣ್ಣೊರೆಸಿಕೊಂಡದ್ದೂ ಕಾಣಿಸಲಿಲ್ಲ.

ಹೋದ ಆಷಾಢದಲ್ಲಿ ಅದೇ ಬೇವನ್ನು ನನ್ನ ಮನೆ ಬಾಗಿಲಿಗೆ ನಾನೇ ಕಟ್ಟಿದೆ.

ಯಾಕೆ ಕಟ್ಟಿದೆ ಎಂದು ಹೇಳಬೇಕಾದರೆ ಸಿದ್ದುವಿನಿಂದ ಶುರು ಮಾಡಬೇಕು. ಸಿದ್ಧಾರ್ಥ, ನನ್ನ ದೊಡ್ಡ ಮಗ, ಈಗ ಏಳು ವರ್ಷ. ಒಂದೂವರೆ ವರ್ಷದವನಿದ್ದಾಗ ಹತ್ತು ಹನ್ನೊಂದು ಮಾತು ಆಡುತ್ತಿದ್ದ. ಅಮ್ಮ, ಅಪ್ಪ, ಬಸ್ಸು, ಕಾಕ, ನೀರಿಗೆ ನೀನೀ. ಆಮೇಲೆ ಒಂದೊಂದಾಗಿ ಎಲ್ಲ ಹೋದವು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬಾಟಲಿ ಮುಚ್ಚಳಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತಾ ಕೂತುಬಿಡುತ್ತಿದ್ದ. ಆಟಿಸಂ ಎಂದು ಡಾಕ್ಟರು ಹೇಳಿದ ದಿನ ನಾನು ಮನೆಗೆ ಬಂದು ಮೊದಲು ತೆಗೆದು ನೋಡಿದ್ದು ಅವನ ಲಸಿಕೆಗಳ ತಾರೀಖಿರುವ ತಾಯಿ ಕಾರ್ಡನ್ನು. ಮಾತು ನಿಲ್ಲುವುದಕ್ಕೆ ಹದಿನೈದು ದಿನ ಮುಂಚೆ ಎರಡನೇ ಸಲದ ದಡಾರದ ಇಂಜೆಕ್ಷನ್ ಆಗಿತ್ತು. ಹಾಕಿಸಿದವಳು ನಾನೇ. ಅವನು ಕೊಸರಾಡದ ಹಾಗೆ ತೋಳನ್ನು ಒತ್ತಿ ಹಿಡಿದುಕೊಂಡವಳೂ ನಾನೇ.

ಈ ಲಕ್ಷಣಗಳು ಎದ್ದು ಕಾಣುವ ವಯಸ್ಸೇ ಅದು, ಇಂಜೆಕ್ಷನ್ ಹಾಕಿಸಿದ ಮಕ್ಕಳಲ್ಲೂ ಹಾಕಿಸದ ಮಕ್ಕಳಲ್ಲೂ ಇದು ಒಂದೇ ಸಮನಾಗಿ ಇರುತ್ತದೆ, ಲಕ್ಷಾಂತರ ಮಕ್ಕಳನ್ನು ನೋಡಿ ಹೇಳಿದ ಮಾತಿದು ಎಂದು ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಟ್ರೇನಿಂಗಿನಲ್ಲೂ ಹೇಳಿದರು. ನಾನು ಬರೆದುಕೊಂಡೆ. ಅದನ್ನೇ ನೂರಾರು ತಾಯಂದಿರಿಗೆ ಒಪ್ಪಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಂಬುತ್ತಲೂ ಇದ್ದೆ. ಸಂಜೆ ಗುಲಾಬಿ ಸೀರೆ ಬಿಚ್ಚಿ ಮೊಳೆಗೆ ಹಾಕಿದರೆ ನಂಬಿಕೆಯೂ ಅದರ ಜೊತೆ ನೇತಾಡುತ್ತಿತ್ತು. ಬರೀ ತಾಯಿಯಾಗಿ ಕೂತಾಗ ಆ ಹದಿನೈದು ದಿನದ ಲೆಕ್ಕವೇ ಕಣ್ಣಿಗೆ ಕಟ್ಟುತ್ತಿತ್ತು. ಇದನ್ನು ಯಾರಿಗೂ ಹೇಳಲಿಲ್ಲ, ನನ್ನ ಗಂಡ ಕೊಟ್ರೇಶನಿಗೂ ಕೂಡ.

ಸಿದ್ದುವಿಗೆ ಐದು ವರ್ಷವಾದ ಮೇಲೆ ಮಾತು ಬಂತು. ಆದರೆ ಅವನದೇ ಮಾತಲ್ಲ. ನಾವು ಕೂರಿಸಿಕೊಂಡು ಹೇಳಿಕೊಟ್ಟದ್ದು ಬರುವುದಿಲ್ಲ, ಯಾರೋ ಯಾರಿಗೋ ಆಡಿದ್ದು ಬರುತ್ತದೆ. ಮೆಟ್ರೋದ ಹೆಂಗಸಿನ ದನಿಯಲ್ಲಿ "ಬಾಗಿಲುಗಳು ಎಡಭಾಗಕ್ಕೆ ತೆರೆಯುತ್ತವೆ" ಎನ್ನುತ್ತಾನೆ. ನನ್ನ ಗಂಡ ಟೆಂಪೋ ಓಡಿಸುತ್ತಾನೆ. ಒಂದು ದಿನ ಯಾರೋ ಅಡ್ಡ ನಿಲ್ಲಿಸಿದ್ದಕ್ಕೆ "ಯಾವನಲೇ ಇಲ್ಲಿ ಗಾಡಿ ನಿಲ್ಸಿದ್ದು!" ಎಂದು ಕಿರುಚಿದ. ಸಿದ್ದು ಅದನ್ನೇ ಹಿಡಿದುಕೊಂಡು ಒಂದು ತಿಂಗಳು ಬಂದವರಿಗೆಲ್ಲ ಹೇಳಿದ. ಸಿಟ್ಟಲ್ಲೋ ಅಳುವಲ್ಲೋ ಆಡಿದ ಮಾತು ಇವನಿಗೆ ಬೇಗ ಅಂಟಿಕೊಳ್ಳುತ್ತದೆ, ಇವನ ಮುಂದೆ ನೋಡಿಕೊಂಡು ಮಾತಾಡಿ ಎಂದು ಮಾತು ಕಲಿಸುವ ಟೀಚರು ಆಗಲೇ ಎಚ್ಚರಿಸಿದ್ದರು.

ಮಗಳು ಅಪೂರ್ವ ಹುಟ್ಟಿದಾಗಿನಿಂದ ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ಕರೆದರೆ ತಿರುಗುತ್ತಾಳಾ, ನಕ್ಕರೆ ನಗುತ್ತಾಳಾ. ತಿರುಗುತ್ತಿದ್ದಳು, ನಗುತ್ತಿದ್ದಳು. ಒಂಬತ್ತು ತಿಂಗಳು ತುಂಬಿತು. ದಡಾರದ ಮೊದಲ ಇಂಜೆಕ್ಷನ್. ಗುರುವಾರ ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ, ಆವತ್ತು ನೂಕುನುಗ್ಗಲು. ಸಿಸ್ಟರು ಚುಚ್ಚುತ್ತಿದ್ದರು, ಪಕ್ಕದಲ್ಲಿ ಕೂತು ಕಾರ್ಡಿಗೆ ತಾರೀಖು ಬರೆಯುತ್ತಿದ್ದವಳು ನಾನು. ಹೆಸರುಗಳ ಪಟ್ಟಿಯಲ್ಲಿ ಅಪುವಿನ ಹೆಸರು ಬಂತು. ಸಿಸ್ಟರು ತಲೆಯೆತ್ತದೆ, "ರಂಜಿನಿ, ನಿಮ್ಮ ಮಗುದು ಆಯ್ತೇನ್ರೀ?" ಎಂದರು. "ಬೆಳಿಗ್ಗೆ ಫಸ್ಟೇ ಆಯ್ತಲ್ಲ ಸಿಸ್ಟರ್" ಎಂದೆ. ಪಟ್ಟಿಯಲ್ಲಿ ಗುರುತು ಹಾಕಿದೆ. ಕಾರ್ಡಿನಲ್ಲಿ ತಾರೀಖು ಬರೆದೆ. ಅಷ್ಟೇ. ನನ್ನನ್ನು ಅನುಮಾನಿಸುವುದು ಯಾರಿಗೂ ಹೊಳೆಯುವಂತಿರಲಿಲ್ಲ.

ಪಕ್ಕದ ಪೋರ್ಷನ್ನಿನಲ್ಲಿ ಕಲಾ ಇದ್ದಾಳೆ. ವಿಜಯನಗರದ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಅವಳ ಮಗ ಕಿಟ್ಟಿ ಅಪುವಿಗಿಂತ ಆರು ತಿಂಗಳು ಚಿಕ್ಕವನು. ಕಿಟ್ಟಿಗೆ ಮೂರೂವರೆ ತಿಂಗಳ ಇಂಜೆಕ್ಷನ್ ಬಂದಾಗ ಅವಳು ಹಿಂದೆ ಮುಂದೆ ನೋಡಿದಳು. ಒಂದು ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಕೇಳಿಯೂಬಿಟ್ಟಳು.

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ಅಂಗಡೀಲಿ ಎಲ್ರೂ ಹೇಳ್ತಾರೆ. ಸಿದ್ದುಗೆ ಇಂಜೆಕ್ಷನ್ ಇಂದಾನೇ ಹಿಂಗಾಯ್ತಾ?"

ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ. "ಹಂಗಿದ್ರೆ ನಮ್ಮ ಅಪುಗೆ ಹಾಕಿಸ್ತಿದ್ನೇನೇ? ತಗೋ, ನೋಡು" ಎಂದು ಒಳಗಿನಿಂದ ಕಾರ್ಡು ತಂದು ನಾನೇ ಬರೆದ ತಾರೀಖನ್ನು ಬೆರಳಿಟ್ಟು ತೋರಿಸಿದೆ. ಕಲಾ ನಂಬಿದಳು. ಕಿಟ್ಟಿಗೆ ಒಂದು ಲಸಿಕೆಯನ್ನೂ ತಪ್ಪಿಸಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ನನ್ನ ಮಗುವಿಗೆ ಇಂಜೆಕ್ಷನ್ ತಪ್ಪಿಸಿದವಳು ಅವಳ ಮಗುವಿಗೆ ಸುಳ್ಳು ಹೇಳಿ ಹಾಕಿಸಿದೆ.

ಅಪುವಿಗೆ ಹದಿಮೂರು ತಿಂಗಳಾದಾಗ ಜ್ವರ ಬಂತು. ಮೂಗು ಸೋರಿತು, ಕೆಮ್ಮು, ಕಣ್ಣು ಕೆಂಡದ ಹಾಗೆ. ನಾಲ್ಕನೇ ದಿನ ಕಿವಿಯ ಹಿಂದೆ ಕೆಂಪು ಕಾಣಿಸಿತು, ಸಂಜೆಯೊಳಗೆ ಮುಖ, ಎದೆ, ಹೊಟ್ಟೆಗೆಲ್ಲ ಇಳಿಯಿತು. ಇದರ ಚಿತ್ರ ನನ್ನ ಬ್ಯಾಗಿನಲ್ಲೇ ಇದೆ, ಮನೆ ಮನೆಗೆ ತೋರಿಸುವುದಕ್ಕೆ ಕೊಟ್ಟದ್ದು. ನಾನು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ, ಅದು ದಡಾರ. ಕೇಂದ್ರಕ್ಕೆ ತಿಳಿಸಿದರೆ ಬಂದು ರಕ್ತ ತೆಗೆಯುತ್ತಾರೆ, ಕಾರ್ಡು ಕೇಳುತ್ತಾರೆ. ಲಸಿಕೆ ಆದ ಮಗುವಿಗೆ ಹೇಗೆ ಬಂತು ಎಂದು ಸಿಸ್ಟರಿನ ರಿಜಿಸ್ಟರು ತೆಗೆದು ಒಂದೊಂದೇ ಬಾಟಲಿ ತಾಳೆ ನೋಡುತ್ತಾರೆ.

"ಇಂಜೆಕ್ಷನ್ ಆಗೈತಲ್ಲ, ಮತ್ ಇದೇನಿದು?" ಎಂದ ಕೊಟ್ರೇಶ.

"ಅಮ್ಮ ಬಂದಿದ್ದಾಳೆ" ಎಂದೆ.

ನನ್ನ ಬಾಯಿಂದ ಆ ಮಾತು ಕೇಳಿ ಅವನು ಒಂದು ಗಳಿಗೆ ಬೆಪ್ಪಾದ. ಆಮೇಲೆ ಅವನಿಗೂ ಅದೇ ಸಮಾಧಾನ ಅನ್ನಿಸಿರಬೇಕು, ಕೈಮುಗಿದ. ನಾನು ರಸ್ತೆ ಮೂಲೆಯ ಮರದಿಂದ ಬೇವು ಮುರಿದು ತಂದು ಬಾಗಿಲಿಗೆ ಕಟ್ಟಿದೆ. ಎಂಥ ಬುದ್ಧಿ ನೋಡಿ ನನ್ನದು! ಬೇವು ಕಟ್ಟಿದ ಮನೆಗೆ ಯಾರೂ ಬರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಎಂಟು ವರ್ಷ ಬೈದ ಪದ್ಧತಿಯ ಹಿಂದೆ ಹೋಗಿ ಅಡಗಿ ಕೂತೆ. ಕೇಂದ್ರಕ್ಕೆ ಫೋನ್ ಮಾಡಿ ನನಗೆ ಮೈ ಹುಷಾರಿಲ್ಲ ಎಂದು ರಜೆ ಹೇಳಿದೆ. ಪಾಪಮ್ಮ ದಾರಿಯಲ್ಲಿ ಹೋಗುತ್ತಾ ಬೇವು ನೋಡಿ ನಿಂತಳು. "ಏನವ್ವಾ ರಂಜಿನಿ, ನಿಮ್ಮನೆಗೂ ಬಂದ್ಲಾ ತಾಯಿ? ನಮ್ಮನೇದ್ ಕಿತ್ತು ಮೋರಿಗ್ ಹಾಕ್ದೆ, ಈಗ್ ಬುದ್ಧಿ ಬಂತಾ?" ಎಂದು ಹಂಗಿಸಿದಳು. ಆಮೇಲೆ ತಾನೇ ತಣ್ಣಗಾಗಿ, "ಒಂಬತ್ತನೇ ದಿನ ನೀರು ಹಾಕು. ಮೊಸರನ್ನ ಮಾಡು" ಎಂದು ಹೇಳಿಹೋದಳು. ನಾನು ತಲೆಯಾಡಿಸಿದೆ.

ಅಪುವಿಗೆ ಬೆಳಕು ಕಂಡರೆ ಕಣ್ಣು ಚುಚ್ಚುತ್ತಿತ್ತು, ಮುಖ ತಿರುಗಿಸಿ ಅಳುತ್ತಿದ್ದಳು. ಎರಡನೇ ದಿನ ಸಿದ್ದು ಎದ್ದು ಹೋಗಿ ತನ್ನ ನೀಲಿ ಟವೆಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ. ಆ ಟವೆಲನ್ನು ಅವನು ಯಾರಿಗೂ ಮುಟ್ಟಗೊಡುವುದಿಲ್ಲ. ಜಾಸ್ತಿ ಬೆಳಕು, ಜಾಸ್ತಿ ಸದ್ದು ಎಂದರೆ ಏನೆಂದು ನಮ್ಮ ಮನೆಯಲ್ಲಿ ಅವನಿಗೆ ತಾನೇ ಗೊತ್ತಿರುವುದು? ಟವೆಲು ಜಾರಿದಾಗಲೆಲ್ಲ ಹೋಗಿ ಸರಿಮಾಡಿದ. ನನ್ನ ಮಗಳು ಇವನ ಹಾಗೆ ಆಗದಿರಲಿ ಎಂದು ತಾನೇ ನಾನು ಇಷ್ಟೆಲ್ಲ ಮಾಡಿದ್ದು ಎಂದುಕೊಂಡಾಗ ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅಪು ಚೇತರಿಸಿಕೊಂಡಳು. ಒಂಬತ್ತನೇ ದಿನ ಬೇವು ಅರಿಶಿನದ ನೀರು ಹಾಕಿದೆ, ಮೊಸರನ್ನ ಮಾಡಿದೆ. ಬಾಗಿಲಿನ ಬೇವು ಬಿಚ್ಚುತ್ತಿದ್ದೆ. ಕಲಾ ಕಿಟ್ಟಿಯನ್ನು ಎತ್ತಿಕೊಂಡು ಬಂದು ಹೊಸಿಲಾಚೆಯೇ ನಿಂತಳು. ಅಪುವಿಗೆ ಜ್ವರ ಬರುವ ಹೊತ್ತಿನಲ್ಲಿ ಕಿಟ್ಟಿ ಅರ್ಧ ದಿನ ನಮ್ಮ ಮನೆಯಲ್ಲಿದ್ದ. ಕಲಾಳ ಅಂಗಡಿಯಲ್ಲಿ ಶ್ರಾವಣದ ಮದುವೆಗಳ ಬ್ಲೌಸಿನ ಅವಸರವಿತ್ತು, ನೋಡಿಕೊಳ್ಳುತ್ತೇನೆ ಬಿಡು ಎಂದಿದ್ದೆ. ಇಬ್ಬರೂ ಒಂದೇ ಚಾಪೆಯ ಮೇಲೆ ಒಂದೇ ಗಿಲಕಿ ಕಚ್ಚಿದ್ದರು.

"ಅಕ್ಕ, ನೆನ್ನೆಯಿಂದ ಕಿಟ್ಟಿಗೂ ಜ್ವರ. ಕಣ್ಣೂ ಕೆಂಪಗಾಗಿದೆ. ಆಸ್ಪತ್ರೆಗೆ ತೋರಿಸ್ಲಾ?"

ಏಳು ತಿಂಗಳ ಮಗು. ದಡಾರದ ಲಸಿಕೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟು ಎಳೆಯ ಮಗುವಿಗೆ ದಡಾರ ಎದೆಗಿಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆಸ್ಪತ್ರೆಗೆ ಹೋದರೆ ಡಾಕ್ಟರು ಅದರ ಹೆಸರು ಹೇಳುತ್ತಾರೆ, ಅಕ್ಕಪಕ್ಕ ಯಾರಿಗೆ ಬಂದಿತ್ತು ಎಂದು ಕೇಳುತ್ತಾರೆ ಎನ್ನುವುದೂ ಗೊತ್ತಿತ್ತು. ನನ್ನ ಕೈಯಲ್ಲಿ ಇನ್ನೂ ಬೇವಿನ ಕೊಂಬೆ ಇತ್ತು.

"ಅಮ್ಮನೇ ಇರ್ಬೇಕು ಕಣೇ, ನಮ್ಮ ಅಪುಗೆ ಬಂದ ಹಂಗೆ" ಎಂದೆ. "ಎರಡು ದಿನ ನೋಡು. ಇದನ್ನ ತಲೆದೆಸೇಲಿ ಇಡು."

ಬೇವು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮೂರು ದಿನ ನಾನು ಗೋಡೆಗೆ ಕಿವಿಯಿಟ್ಟುಕೊಂಡು ಬದುಕಿದೆ. ಕಿಟ್ಟಿಯ ಕೆಮ್ಮು ಕೇಳುತ್ತಿತ್ತು. ಹೋಗಿ ಹೇಳೋಣ ಎಂದು ಬಾಗಿಲವರೆಗೆ ಬರುತ್ತಿದ್ದೆ, ವಾಪಸು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಕೆಮ್ಮು ನಿಂತಿತ್ತು. ಅದೇ ನನ್ನನ್ನು ಹೆದರಿಸಿದ್ದು. ಓಡಿಹೋಗಿ ನೋಡಿದರೆ ಮಗುವಿನ ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿದೆ, ಮೂಗಿನ ಹೊಳ್ಳೆ ಅರಳುತ್ತಿದೆ, ತುಟಿ ಕಪ್ಪಿಟ್ಟಿದೆ. ತಲೆದೆಸೆಯಲ್ಲಿ ನಾನು ಕೊಟ್ಟ ಬೇವು ಒಣಗಿ ಮುರುಟಿತ್ತು. ಕಲಾಳ ಕೈಯಿಂದ ಕಿಟ್ಟಿಯನ್ನು ಕಿತ್ತುಕೊಂಡು ಆಟೋ ಹತ್ತಿದೆ. ಆಸ್ಪತ್ರೆಯ ಬಾಗಿಲಲ್ಲೇ "ದಡಾರ ಸಾರ್, ನಿಮೋನಿಯಾ ಆಗಿದೆ, ಬೇಗ ನೋಡಿ" ಎಂದು ಕೂಗಿದೆ. ಆಗ ಮಾತ್ರ ಸರಿಯಾದ ಹೆಸರು ನನ್ನ ಬಾಯಲ್ಲಿ ಬಂತು.

ಕಿಟ್ಟಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಮೊದಲ ನಾಲ್ಕು ದಿನ ಉಳಿಯುತ್ತಾನೋ ಇಲ್ಲವೋ ಎಂದು ಡಾಕ್ಟರು ಹೇಳಲಿಲ್ಲ. ಉಳಿದ. ಇದನ್ನು ಬರೆಯುವಾಗಲೂ ಆ ಪದದ ಮುಂದೆ ನನ್ನ ಕೈ ನಿಲ್ಲುತ್ತದೆ.

ಮನೆಗೆ ಬಂದ ಮಾರನೇ ದಿನ ಕಲಾ ಒಂದು ಬಟ್ಟಲು ಶಾವಿಗೆ ಪಾಯಸ ತೆಗೆದುಕೊಂಡು ನಮ್ಮ ಮನೆಗೆ ಬಂದಳು. ನಾನು ಬೇಡ ಬೇಡ ಎಂದರೂ ಕಾಲು ಮುಟ್ಟಲು ಬಗ್ಗಿದಳು. "ನೀವ್ ಆಟೋ ಹತ್ತಿಸ್ಲಿಲ್ಲ ಅಂದಿದ್ರೆ ನನ್ ಮಗ ಇರ್ತಿರ್ಲಿಲ್ಲ ಅಕ್ಕ. ಗಲ್ಲೀಗೆಲ್ಲ ಹೇಳಿದೀನಿ, ಅಕ್ಕ ಅಂದ್ರೆ ನಮ್ ಅಕ್ಕ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಪಾಯಸದ ಬಟ್ಟಲನ್ನು ತಡೆದುಕೊಳ್ಳಲಾಗಲಿಲ್ಲ. ಬಾಯಿ ತೆರೆದವಳು ಎಲ್ಲವನ್ನೂ ಹೇಳಿಬಿಟ್ಟೆ. ಅಪುವಿಗೆ ಲಸಿಕೆ ಹಾಕಿಸಿಲ್ಲ, ಕಾರ್ಡಿನ ತಾರೀಖು ಸುಳ್ಳು, ಬಂದದ್ದು ಅಮ್ಮ ಅಲ್ಲ, ಬೇವು ಕೊಟ್ಟಾಗಲೂ ಗೊತ್ತಿತ್ತು. ಕಲಾ ಅಲ್ಲೇ ನಿಂತಿದ್ದಳು, ಬಟ್ಟಲು ಕೈಯಲ್ಲೇ ಇತ್ತು.

"ಯಾಕೆ?" ಎಂದಳು. "ನನಗೆ ಹಾಕ್ಸು ಹಾಕ್ಸು ಅಂತಿದ್ರಲ್ಲ. ನೀವ್ ಯಾಕೆ ಹಾಕಿಸ್ಲಿಲ್ಲ?"

"ಭಯ ಆಯ್ತು ಕಣೇ."

"ಏನ್ ಭಯ?"

ನನಗೆ ಅಳು ಒತ್ತರಿಸಿ ಬಂತು. ಕಿರುಚಿದ ಹಾಗೆಯೇ ಹೇಳಿದೆ. "ಸಿದ್ದು ಥರ ಆಗ್ಬಾರ್ದು ಅಂತ!"

ಕಲಾ ನನ್ನ ಹಿಂದೆ ನೋಡಿದಳು. ಅಲ್ಲಿ ಮೂಲೆಯಲ್ಲಿ ಸಿದ್ದು ಮುಚ್ಚಳಗಳನ್ನು ಸಾಲಿಡುತ್ತಿದ್ದ. ಅವನು ಅಲ್ಲಿದ್ದಾನೆ ಎನ್ನುವುದೇ ನನಗೆ ಮರೆತುಹೋಗಿತ್ತು. ಅವಳು ಬಟ್ಟಲನ್ನು ನೆಲದ ಮೇಲೆ ಇಟ್ಟಳು. "ಕೈಯಾರೆ ಬೇವು ಕೊಟ್ರಲ್ಲ ಅಕ್ಕ" ಎಂದಷ್ಟೇ ಹೇಳಿ ಹೊರಟುಹೋದಳು.

ಮುಚ್ಚಳ ಇಡುವ ಸದ್ದು ನಿಂತಿತು. ಮೂಲೆಯಿಂದ, ನನ್ನದೇ ದನಿಯಲ್ಲಿ, ನನ್ನದೇ ಬಿಕ್ಕಿನೊಂದಿಗೆ ಮಾತು ಬಂತು.

"ಸಿದ್ದು ಥರ ಆಗ್ಬಾರ್ದು."

ಮಾರನೇ ದಿನ ನಾನೇ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರ್ ಸೀತಾ ಅವರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದಿಟ್ಟು, "ರಂಜಿನಿ, ನಿಮಗೆ ಭಯ ಇದೆ ಅಂತ ನನ್ನ ಹತ್ರ ಒಂದು ಮಾತು ಹೇಳಿದ್ರೆ ಕೂತು ಮಾತಾಡ್ತಿದ್ವಲ್ಲ" ಎಂದರು. ಭಯ ಇದೆ ಎಂದು ಹೇಳಿಕೊಳ್ಳುವ ತಾಯಂದಿರು ನನ್ನ ಪಟ್ಟಿಯಲ್ಲಿ ಎಷ್ಟೋ ಜನರಿದ್ದರು. ಅವರ ಸಾಲಿನಲ್ಲಿ ನಿಲ್ಲುವುದಕ್ಕೆ ನನಗೆ ಅವಮಾನ ಅನ್ನಿಸಿತ್ತು. ಎಲ್ಲವನ್ನೂ ನನ್ನ ಕೈಯಲ್ಲೇ ಬರೆಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಗಲ್ಲಿಗೆ ಇಳಿಯಬೇಡಿ ಎಂದರು. ನಾನು ಬರೆದ ಕಾರ್ಡುಗಳನ್ನೆಲ್ಲ ಬೇರೆ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಪರೀಕ್ಷಿಸಿದರು. ಅಪುವಿನದೊಂದು ಬಿಟ್ಟರೆ ಬೇರೆಲ್ಲ ಸರಿಯಿತ್ತು. ಕೊಟ್ರೇಶ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಅದೆಲ್ಲ ನನಗೆ ಸಲ್ಲಬೇಕಾದದ್ದೇ.

ಆದರೆ ಸಿದ್ದು ಆ ಮಾತು ಬಿಡಲಿಲ್ಲ. ಸ್ನಾನ ಮಾಡಿಸುವಾಗ, ತಟ್ಟೆಯ ಮುಂದೆ, ಮೆಟ್ರೋ ಮೆಟ್ಟಿಲ ಮೇಲೆ. ಅರ್ಥವಾಗಿ ಹೇಳುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಥವಾಗುವುದಿಲ್ಲ ಎಂದುಕೊಂಡರೆ ನನಗೆ ಸುಲಭ, ಅದಕ್ಕೇ ಹಾಗೆ ಅಂದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. "ಸಿದ್ದು ಜಾಣ ಅನ್ನು, ಸಿದ್ದು ಅಮ್ಮನ ಬಂಗಾರ ಅನ್ನು" ಎಂದು ಮುಂದೆ ಕೂರಿಸಿಕೊಂಡು ಎಷ್ಟು ಹೇಳಿಕೊಟ್ಟೆನೋ. ಅವನು ನನ್ನ ಬಳೆ ತಿರುಗಿಸುತ್ತಾ ಕೂರುತ್ತಿದ್ದ. ಹೇಳಿಕೊಟ್ಟದ್ದು ಅವನಿಗೆ ಬರುವುದಿಲ್ಲವಲ್ಲ.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ಅಂಗನವಾಡಿಯ ಸಾಲಿನಲ್ಲಿ ನಿಂತೆ. ಗುಲಾಬಿ ಸೀರೆ ಇರಲಿಲ್ಲ. ದಡಾರ ಬಂದು ಹೋಗಿದ್ದರೂ ಆ ಲಸಿಕೆಯಲ್ಲೇ ರುಬೆಲ್ಲಾದ್ದೂ ಇರುತ್ತದೆ, ಹಾಕಿಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಸೊಂಟದಲ್ಲಿ ಅಪು, ಕೈಯಲ್ಲಿ ಸಿದ್ದು. ನನಗಿಂತ ನಾಲ್ಕು ಜನ ಮುಂದೆ ಕಲಾ ಇದ್ದಳು, ಹೆಗಲ ಮೇಲೆ ಕಿಟ್ಟಿ. ಅವನಿಗೆ ಒಂಬತ್ತು ತಿಂಗಳು ತುಂಬಿತ್ತು. ಕಿಟ್ಟಿ ನನ್ನನ್ನು ನೋಡಿ ನಕ್ಕ. ಕಲಾ ತಿರುಗಿ ನೋಡಲಿಲ್ಲ. ನನ್ನ ಹಿಂದೆ ಪಾಪಮ್ಮ ಹೊಸ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಒಳಗೆ ಯಾವುದೋ ಮಗು ಜೋರಾಗಿ ಅತ್ತಿತು. ಸಿದ್ದು ಎರಡೂ ಕಿವಿ ಮುಚ್ಚಿಕೊಂಡು, ನನ್ನ ಆ ಅಳುವ ದನಿಯಲ್ಲೇ ಶುರು ಮಾಡಿದ. "ಸಿದ್ದು ಥರ ಆಗ್ಬಾರ್ದು. ಸಿದ್ದು ಥರ ಆಗ್ಬಾರ್ದು."

ಎಲ್ಲರೂ ಅವನನ್ನೇ ನೋಡಿದರು. ನನ್ನ ಕಾರ್ಡಿನ ಕತೆ ಗಲ್ಲಿಗೆಲ್ಲ ಗೊತ್ತಿತ್ತು, ಈ ಮಾತು ಮಾತ್ರ ಕಲಾಳ ಹೊರತು ಯಾರಿಗೂ ಗೊತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಪಾಪಮ್ಮ ಬಗ್ಗಿ ಸಿದ್ದುವಿನ ತಲೆ ಸವರಿದಳು. ಅವಳ ಕಣ್ಣು ತುಂಬಿತ್ತು. "ಅಯ್ಯೋ ನನ್ನಪ್ಪಾ, ಯಾರೋ ಮಗಾ ನಿನ್ ಮುಂದೆ ಹಿಂಗಂದಿದ್ದು? ಯಾವ ಪಾಪಿ ಮುಂಡೇದು ಅಂದಿದ್ದು? ಅದರ ಬಾಯಿ ಸೇದೋಗ!"

ಕಲಾ ಈಗ ತಿರುಗಿ ನೋಡಿದಳು. ಅವಳು ಬಾಯಿ ಬಿಡುವ ಹಾಗೆ ಕಾಣಲಿಲ್ಲ. ಅವಳ ಹಾಗೆ ನಾನೂ ಸುಮ್ಮನಿರಬಹುದಿತ್ತು. ಶಾಲೆಯಲ್ಲಿ ಯಾರೋ ಅಂದಿರಬೇಕು ಎಂದು ತೇಲಿಸಿಬಿಡಬಹುದಿತ್ತು. ಆ ಸುಳ್ಳು ನಾಲಿಗೆ ತುದಿಗೆ ಬಂದೂ ಬಂದಿತ್ತು.

"ನಾನೇ ಪಾಪಮ್ಮ" ಎಂದೆ. "ಅಂದಿದ್ದು ನಾನೇ."

ಪಾಪಮ್ಮನ ಕೈ ಅವನ ತಲೆಯ ಮೇಲೆಯೇ ನಿಂತಿತು. ಅವಳು ನನ್ನ ಮುಖ ನೋಡಿದಳು. ಕೈ ತೆಗೆಯಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ನಾನೂ ಸರಿದೆ. ಸಿದ್ದು ಮತ್ತೆ ಮೊದಲಿಂದ ಹೇಳತೊಡಗಿದ.